ವಾರ್ಡಿನ ಕನ್ನಡ: ತಪ್ಪಿಲ್ಲದೆ ಮಾತನಾಡುತ್ತಿದ್ದ ನರ್ಸ್ ಒಬ್ಬರು ಸಹಜವಾಗಿ ಮಾತನಾಡಲು ಕಲಿತ ಪ್ರಕರಣ

ಮೈಸೂರಿನ ಆಸ್ಪತ್ರೆಯೊಂದರ ಜನರಲ್ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರು ಕನ್ನಡ ಪಾಠ ಬೇಕೆಂದು ನನ್ನ ಬಳಿ ಬಂದಾಗ, ಅವರಿಗೆ ಕಲಿಸುವುದು ಇನ್ನೇನು ಉಳಿದಿದೆ ಎಂದು ಮೊದಲ ಹತ್ತು ನಿಮಿಷ ನನಗೆ ಹೊಳೆಯಲೇ ಇಲ್ಲ. ಅವರ ಮನೆಮಾತು ಮಲಯಾಳಂ. ಬಿ.ಎಸ್ಸಿ. ನರ್ಸಿಂಗ್ ಓದಿನ 4 ವರ್ಷಗಳನ್ನು ಮಂಗಳೂರಿನಲ್ಲಿ ಕಳೆದಿದ್ದರು. ಹಾಸ್ಟೆಲಿನಲ್ಲಿ ಮಲಯಾಳಂ, ತರಗತಿಯಲ್ಲಿ ಇಂಗ್ಲಿಷ್ ನಡೆಯುತ್ತಿದ್ದುದರಿಂದ ಕನ್ನಡವನ್ನು ಜನರ ಬಾಯಿಂದ ಕಲಿಯುವ ಅವಕಾಶ ಹೆಚ್ಚು ಸಿಗದೆ, ಪ್ರಾಥಮಿಕ ಶಾಲೆಯ ಪಠ್ಯಪುಸ್ತಕಗಳನ್ನು ತರಿಸಿಕೊಂಡು ತಾವೇ ಅಕ್ಷರ ಕಲಿತು, ಕ್ರಮೇಣ ದಿನಪತ್ರಿಕೆ ಓದುವ ಮಟ್ಟಕ್ಕೆ ಬಂದಿದ್ದರು. ವಿಭಕ್ತಿ ತಪ್ಪುತ್ತಿರಲಿಲ್ಲ, ಲಿಂಗ ವಚನಗಳು ತಪ್ಪುತ್ತಿರಲಿಲ್ಲ, ಲಕಾರ ಳಕಾರಗಳ ವ್ಯತ್ಯಾಸ ನಮ್ಮವರೇ ಎಷ್ಟೋ ಜನರಿಗಿಂತ ಸ್ಪಷ್ಟವಾಗಿತ್ತು.

ಅವರ ದೂರು ಬೇರೆಯದಾಗಿತ್ತು. “ರೋಗಿಗಳು ನನ್ನ ಬಳಿ ಹೆಚ್ಚು ಮಾತನಾಡುವುದಿಲ್ಲ. ನಾನು ಕೇಳಿದರೆ ‘ಹೂಂ, ಪರವಾಗಿಲ್ಲ’ ಎನ್ನುತ್ತಾರೆ. ನಾನು ಆ ಕಡೆ ಹೋದ ನಂತರ ಆಯಾಳನ್ನು ಕರೆದು ಎಲ್ಲವನ್ನೂ ಹೇಳುತ್ತಾರೆ. ಆಯಾ ಬಂದು ನನಗೆ ಹೇಳುತ್ತಾಳೆ” ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ನೋವು ಎಲ್ಲಿದೆ, ಯಾವಾಗಿನಿಂದ ಇದೆ, ರಾತ್ರಿ ನಿದ್ದೆ ಬಂತೇ ಎಂಬುದು ನರ್ಸಿಗೆ ತಿಳಿಯಬೇಕಾದ ಮಾತು. ಅದು ಇನ್ನೊಬ್ಬರ ಮೂಲಕ ತಡವಾಗಿ, ಅರ್ಧವಾಗಿ ತಲುಪುವುದು ಅವರ ಮಾನಸಿಕ ನೆಮ್ಮದಿಯ ಪ್ರಶ್ನೆಯಷ್ಟೇ ಅಲ್ಲ, ರೋಗಿಯ ಆರೈಕೆಯ ಪ್ರಶ್ನೆಯೂ ಹೌದು.

ಅವರ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹೆಸರಾಗಲಿ ಆಸ್ಪತ್ರೆಯಾಗಲಿ ಇಲ್ಲಿ ಬರುವುದಿಲ್ಲ. ವಾರ್ಡಿನಲ್ಲಿ ಎಲ್ಲರೂ ಕರೆಯುವಂತೆ ನಾನೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತೇನೆ.

ಮೊದಲ ದಿನದ ಪರೀಕ್ಷೆ

ರೋಗಿಗಳ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದು ಸಾಧ್ಯವೂ ಇರಲಿಲ್ಲ, ಸಲ್ಲುವಂಥದ್ದೂ ಆಗಿರಲಿಲ್ಲ. ಆದ್ದರಿಂದ ನಮ್ಮ ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರನ್ನು ಬೇಡಿಕೊಂಡೆ. ಅವರು ತಿ. ನರಸೀಪುರದ ಕಡೆಯ ಹಳ್ಳಿಯವರು, ಮಂಡಿನೋವಿಗೆಂದು ಆಸ್ಪತ್ರೆ ಸುತ್ತಿ ಬಂದವರು. ಹಾಲಿನ ದಿವಾನದ ಮೇಲೆ ಅವರು ಮಲಗಿದರು, ಸಿಸ್ಟರ್ ಪಕ್ಕದಲ್ಲಿ ನಿಂತು ದಿನವೂ ವಾರ್ಡಿನಲ್ಲಿ ಕೇಳುವಂತೆಯೇ ಕೇಳಿದರು:

“ಅಜ್ಜಿ, ನಿಮಗೆ ಈಗ ನೋವು ಹೇಗೆ ಇದೆ? ನೀವು ಮಾತ್ರೆಯನ್ನು ತೆಗೆದುಕೊಂಡಿರೋ? ದಯವಿಟ್ಟು ಸ್ವಲ್ಪ ಈ ಕಡೆಗೆ ತಿರುಗಿರಿ.”

ವ್ಯಾಕರಣದ ಕಣ್ಣಿನಲ್ಲಿ ಇದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ಆದರೆ ಅಜ್ಜಿ ದಿವಾನದ ಮೇಲೆ ಸ್ವಲ್ಪ ಸೆಟೆದುಕೊಂಡು, ಸೆರಗು ಸರಿಮಾಡಿಕೊಂಡು, “ತಗೊಂಡೆ ಕನವ್ವ” ಎಂದಷ್ಟೇ ಹೇಳಿ ಸುಮ್ಮನಾದರು. ಮಾತು ಮುಂದುವರಿಯಲಿಲ್ಲ. ಆಮೇಲೆ ಅದೇ ಜಾಗದಲ್ಲಿ ನಾನು ನಿಂತು, “ಏನಜ್ಜಿ, ಹೆಂಗಿದೆ ಈಗ ನೋವು? ಮಾತ್ರೆ ತಗೊಂಡ್ರಾ? ಎಲ್ಲಿ, ಒಂಚೂರು ಈ ಕಡೆ ತಿರುಗಿ” ಎಂದೆ. ಅಜ್ಜಿ ಮಾತ್ರೆ ನುಂಗಿದ್ದು, ನುಂಗಿದ ಮೇಲೆ ಹೊಟ್ಟೆ ಉರಿದದ್ದು, ಉರಿಗೆ ಮಗಳು ಮಜ್ಜಿಗೆ ಕೊಟ್ಟದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಹೊಟ್ಟೆ ಉರಿದದ್ದು ನರ್ಸಿಗೆ ಮುಖ್ಯವಾದ ಸಂಗತಿ. ಅದು ಸಿಸ್ಟರಿಗೆ ಸಿಕ್ಕಿರಲಿಲ್ಲ.

ಎರಡು ಮಾತುಗಳ ನಡುವಿನ ವ್ಯತ್ಯಾಸವನ್ನು ನಾವಿಬ್ಬರೂ ಒಂದು ಕಾಗದದ ಮೇಲೆ ಬಿಡಿಸಿ ಬರೆದೆವು. ಆಡುಮಾತಿನಲ್ಲಿ ನಿಮಗೆ, ನೀವು ಎಂಬ ಸರ್ವನಾಮಗಳು ಬೇಕಿಲ್ಲದ ಕಡೆ ಬರುವುದಿಲ್ಲ. ಕ್ರಿಯಾಪದವೇ ಯಾರಿಗೆ ಹೇಳುತ್ತಿದ್ದೇವೆ ಎಂಬುದನ್ನು ಹೊತ್ತಿರುತ್ತದೆ. ನಿರ್ಜೀವ ವಸ್ತುವಿಗೆ ‘ಅನ್ನು’ ಪ್ರತ್ಯಯ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಮಾತ್ರೆಯನ್ನು ತೆಗೆದುಕೊಳ್ಳುವವರು ಔಷಧದ ಡಬ್ಬಿಯ ಸೂಚನೆಯಲ್ಲಿ ಮಾತ್ರ ಇರುತ್ತಾರೆ, ಹಾಸಿಗೆಯ ಮೇಲಿರುವವರು ಮಾತ್ರೆ ತಗೋತಾರೆ. ‘ಹೆಂಗಿದೆ ನೋವು’ ಎಂದಾಗ ಕ್ರಿಯಾಪದ ಮುಂದೆ ಬಂದು ನಾಮಪದ ಹಿಂದೆ ಸರಿಯುತ್ತದೆ. ವಾಕ್ಯದ ಕೊನೆಯಲ್ಲಿಯೇ ಕ್ರಿಯಾಪದವಿರಬೇಕೆಂದು ಪುಸ್ತಕದಿಂದ ಕಲಿತವರಿಗೆ ಇದು ತಪ್ಪಾಗಿ ಕಾಣುತ್ತದೆ, ನಮಗೆ ಅದರಲ್ಲಿ ಹತ್ತಿರ ಬಂದು ಕೂತ ಭಾವ ಕೇಳಿಸುತ್ತದೆ. ‘ದಯವಿಟ್ಟು’ ಎಂಬ ಪದ ಮರ್ಯಾದೆಯದೇ ಆದರೂ ಅದು ರೈಲು ನಿಲ್ದಾಣದ ಧ್ವನಿವರ್ಧಕದ, ಕಚೇರಿಯ ಗೋಡೆಯ ಫಲಕದ ಮರ್ಯಾದೆ. ಮನುಷ್ಯರು ಎದುರೆದುರು ಇದ್ದಾಗ ಆ ಕೆಲಸವನ್ನು ‘ಒಂಚೂರು’, ‘ಎಲ್ಲಿ’, ‘ಅಜ್ಜಿ’ ಎಂಬ ಮಾತುಗಳೇ ಮಾಡುತ್ತವೆ.

‘ತೆಗೆದುಕೊಂಡಿರೋ’ ಎಂಬುದರಲ್ಲಿನ ಓಕಾರ ಮಲಯಾಳಂನಿಂದ ಬಂದದ್ದು. ಅಲ್ಲಿ ‘ವನ್ನೋ?’ ಎಂದರೆ ಬಂದರೇ ಎಂಬ ನೇರವಾದ, ಸೌಮ್ಯವಾದ ಪ್ರಶ್ನೆ. ಕನ್ನಡದಲ್ಲಿ ನೇರ ಪ್ರಶ್ನೆಗೆ ಆಕಾರ ಬರುತ್ತದೆ. ಓಕಾರ ಬಂದರೆ ಅದರ ಹಿಂದೆ ‘ಇಲ್ಲವೋ’ ಎಂಬುದು ತಾನಾಗಿ ಸೇರಿಕೊಂಡು ಕೇಳುವವರಿಗೆ ಅನುಮಾನದ ಧ್ವನಿ ಕೇಳಿಸುತ್ತದೆ. ಮಾತ್ರೆ ತಗೊಂಡ್ರಾ ಎಂದರೆ ಕಾಳಜಿ, ತಗೊಂಡ್ರೋ ಎಂದರೆ ವಿಚಾರಣೆ. ಒಂದು ಸ್ವರದ ಅಂತರ ಇಷ್ಟು ದೂರ ಹೋಗುತ್ತದೆಂದು ಯಾವ ಪುಸ್ತಕವೂ ಅವರಿಗೆ ಹೇಳಿರಲಿಲ್ಲ. ನಾನೂ ಅಲ್ಲಿಯವರೆಗೆ ಯಾವ ವಿದ್ಯಾರ್ಥಿಗೂ ಹೇಳಿರಲಿಲ್ಲ.

ನಿಜವಾದ ತೊಡಕು ಎಲ್ಲಿತ್ತು

ಇಷ್ಟನ್ನು ತಿದ್ದಿದರೆ ಕೆಲಸ ಮುಗಿಯಿತೆಂದು ನಾನು ಭಾವಿಸಿದ್ದು ತಪ್ಪಾಯಿತು. ಎರಡು ವಾರಗಳಲ್ಲಿ ಸಿಸ್ಟರ್ ‘ತಗೊಂಡ್ರಾ’, ‘ಬರ್ತೀನಿ’, ‘ಮಲ್ಕೊಳ್ಳಿ’ ಎಂಬ ರೂಪಗಳನ್ನು ರೂಢಿಸಿಕೊಂಡರು. ಆದರೂ ವಾರ್ಡಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಮತ್ತೆ ಅಜ್ಜಿಯನ್ನು ಮಲಗಿಸಿ, ಈ ಸಲ ನಾನು ಸಿಸ್ಟರ್ ಆಡುವ ಮಾತಿನ ಕಡೆ ಗಮನ ಕೊಡದೆ, ಅಜ್ಜಿ ಮಾತನಾಡುವಾಗ ಸಿಸ್ಟರ್ ಏನು ಮಾಡುತ್ತಾರೆ ಎಂದು ನೋಡುತ್ತಾ ಕುಳಿತೆ.

ಅವರು ಏನೂ ಮಾಡುತ್ತಿರಲಿಲ್ಲ. ಅಜ್ಜಿ ಹೇಳುವ ಒಂದೊಂದು ಪದವೂ ಜಾರಿಹೋಗದಂತೆ ಹಿಡಿಯುವ ಪ್ರಯತ್ನದಲ್ಲಿ, ಕಣ್ಣೆವೆ ಮಿಟುಕಿಸದೆ, ತುಟಿ ಬಿಗಿದು, ಅಲುಗಾಡದೆ ನಿಲ್ಲುತ್ತಿದ್ದರು. ಅಜ್ಜಿ ನಿಲ್ಲಿಸಿದ ಮೇಲೆ ಒಂದು ಮೌನ. ಆ ಮೌನದಲ್ಲಿ ಸಿಸ್ಟರ್ ಮನಸ್ಸಿನೊಳಗೆ ಉತ್ತರದ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯೆ ಎಂದು ಜೋಡಿಸುತ್ತಿದ್ದರು. ಆಮೇಲೆ ಒಂದು ಪೂರ್ಣ ವಾಕ್ಯ ಹೊರಬರುತ್ತಿತ್ತು. ಅಷ್ಟರಲ್ಲಿ ಅಜ್ಜಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಆಗಿರುತ್ತಿತ್ತು.

ಕನ್ನಡದಲ್ಲಿ ಕಷ್ಟ ಹೇಳಿಕೊಳ್ಳುವವರು ಒಬ್ಬರೇ ಮಾತನಾಡುವುದಿಲ್ಲ. ಕೇಳುವವರು ನಡುನಡುವೆ ‘ಹೂಂ’, ‘ಹೌದಾ’, ‘ಅಯ್ಯೋ ಪಾಪ’, ‘ಆಮೇಲೆ?’, ‘ಅಲ್ವೇ ಮತ್ತೆ’ ಎಂದು ಎಳೆ ಕೊಡುತ್ತಲೇ ಇರಬೇಕು. ಹಳ್ಳಿಯ ಜಗಲಿಯಲ್ಲಿ ಕಥೆ ಹೇಳುವ ಅಜ್ಜಂದಿರು ಮಕ್ಕಳಿಗೆ ‘ಹೂಂಗುಟ್ಟಿ’ ಎಂದೇ ಹೇಳಿ ಕಥೆ ಆರಂಭಿಸುತ್ತಿದ್ದರು. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಮುಂದುವರಿಯುತ್ತಿರಲಿಲ್ಲ. ಸಿಸ್ಟರ್ ಮೌನವಾಗಿ ನಿಂತದ್ದು ಅತ್ಯಂತ ಶ್ರದ್ಧೆಯಿಂದಲೇ. ರೋಗಿಗೆ ಮಾತ್ರ ಆ ಮೌನ ‘ಬೇಗ ಹೇಳಿ ಮುಗಿಸಿ’ ಎಂದಂತೆ ಕೇಳಿಸುತ್ತಿತ್ತು. ಆಯಾ ಕನ್ನಡದ ಅರ್ಧ ವಾಕ್ಯವನ್ನೂ ಪೂರ್ತಿ ಮಾಡದೆ, ಬೆಡ್‌ಶೀಟ್ ಎಳೆಯುತ್ತಲೇ ‘ಹೂಂ, ಹೂಂ, ಅಯ್ಯೋ ಶಿವನೆ’ ಎನ್ನುತ್ತಿದ್ದಳು. ಎಲ್ಲರೂ ಅವಳಿಗೇ ಹೇಳಿಕೊಳ್ಳುತ್ತಿದ್ದರು.

ಮಾತಿನ ಸರದಿ ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನ ಬೇರೆ ಬೇರೆ ಭಾಗಗಳ 10 ಭಾಷೆಗಳನ್ನು ಹೋಲಿಸಿತ್ತು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಎಂದು ಅದು ಕಂಡುಕೊಂಡಿತು. ಭಾಷೆಯಿಂದ ಭಾಷೆಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಆ ಅಂತರ ಎಲ್ಲೆಡೆ ಕಿರಿದೇ. ಚಿತ್ರವೊಂದನ್ನು ನೋಡಿ ಅದರ ಹೆಸರನ್ನು ತನ್ನದೇ ಮನೆಮಾತಿನಲ್ಲಿ ಹೇಳಲು ಮನುಷ್ಯನಿಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆ ಎಂಬುದೂ ಪ್ರಯೋಗಗಳಿಂದ ತಿಳಿದ ಸಂಗತಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಅರ್ಥ ಹೊರಡುತ್ತದೆ: ಎದುರಿನವರು ಇನ್ನೂ ಮಾತನಾಡುತ್ತಿರುವಾಗಲೇ ನಮ್ಮ ಉತ್ತರ ಸಿದ್ಧವಾಗುತ್ತಿರಬೇಕು. ಕೇಳಿ, ಅರ್ಥಮಾಡಿಕೊಂಡು, ಮನೆಮಾತಿನಲ್ಲಿ ಯೋಚಿಸಿ, ಕನ್ನಡಕ್ಕೆ ತಿರುಗಿಸಿ, ವ್ಯಾಕರಣ ನೋಡಿಕೊಂಡು ಹೇಳುವವರಿಗೆ ಆ ಸಮಯ ಎಂದಿಗೂ ಸಾಲದು. ಎಷ್ಟು ಪದ ಕಲಿತರೂ ಸಾಲದು. ಜೋಡಿಸುವ ಕೆಲಸವನ್ನೇ ಕಡಿಮೆ ಮಾಡಬೇಕು.

ಈ ವಿಚಾರದಲ್ಲಿ ನನಗೆ ದಾರಿ ತೋರಿಸಿದ್ದು ಭಾಷಾ ಸಂಶೋಧಕರಾದ ಆಂಡ್ರ್ಯೂ ಪಾಲಿ ಮತ್ತು ಫ್ರಾನ್ಸಿಸ್ ಸೈಡರ್ 1983ರಲ್ಲಿ ಮಂಡಿಸಿದ ವಾದ. ಭಾಷೆಯನ್ನು ಹುಟ್ಟಿನಿಂದ ಆಡುವವರು ಪ್ರತಿ ವಾಕ್ಯವನ್ನೂ ಹೊಸದಾಗಿ ಕಟ್ಟುವುದಿಲ್ಲ, ಇಡಿಯಾಗಿ ನೆನಪಿನಲ್ಲಿರುವ ಸಾವಿರಾರು ಸಿದ್ಧ ನುಡಿಗಟ್ಟುಗಳನ್ನು ಎತ್ತಿಕೊಂಡು ನಡುವೆ ಒಂದೆರಡು ಪದ ಬದಲಿಸುತ್ತಾರೆ, ಅವರ ನಿರರ್ಗಳತೆಯ ಬಹುಪಾಲು ಅಲ್ಲಿಂದ ಬರುತ್ತದೆ ಎಂಬುದು ಅವರ ವಾದದ ಸಾರ. ವ್ಯಾಕರಣ ಒಪ್ಪುವ ವಾಕ್ಯಗಳು ನೂರಾರಿದ್ದರೂ ಜನ ನಿಜವಾಗಿ ಆಡುವುದು ಅವುಗಳಲ್ಲಿ ಕೆಲವನ್ನು ಮಾತ್ರ ಎಂಬುದನ್ನೂ ಅವರು ಎತ್ತಿ ತೋರಿಸಿದರು. ಸಿಸ್ಟರ್ ಅವರ ‘ನಿಮಗೆ ಈಗ ನೋವು ಹೇಗೆ ಇದೆ’ ಎಂಬುದು ಅಂಥ ಒಂದು ವಾಕ್ಯ: ಸರಿಯಾದದ್ದು, ಯಾರೂ ಆಡದೇ ಇರುವಂಥದ್ದು.

ಒಂದು ವಿಷಯವನ್ನು ನಾವು ಮೊದಲೇ ಬದಿಗಿಟ್ಟೆವು. ಸಿಸ್ಟರಿಗೆ ತಮ್ಮ ಮಲಯಾಳಂ ಧಾಟಿಯ ಬಗ್ಗೆ ಬಹಳ ಸಂಕೋಚವಿತ್ತು, ಅದನ್ನು ಮೊದಲು ತೆಗೆಸಿ ಎಂದು ಕೇಳಿದ್ದರು. ನಾನು ಒಪ್ಪಲಿಲ್ಲ. ಧಾಟಿ ಗಾಢವಾಗಿದ್ದರೂ ಮಾತು ಪೂರ್ತಿ ಅರ್ಥವಾಗಬಹುದು, ಅವೆರಡೂ ಒಂದೇ ಅಲ್ಲ ಎಂದು ಭಾಷಾ ಕಲಿಕೆಯ ಸಂಶೋಧಕರಾದ ಮನ್ರೋ ಮತ್ತು ಡರ್ವಿಂಗ್ 1995ರಲ್ಲಿಯೇ ತೋರಿಸಿದ್ದಾರೆ. ಅದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ಸುತ್ತಲೇ ಇದೆ. ಧಾರವಾಡದವರ ಧಾಟಿ, ಕುಂದಾಪುರದವರ ಧಾಟಿ, ಕೊಳ್ಳೇಗಾಲದವರ ಧಾಟಿ ಒಂದಕ್ಕೊಂದು ಎಷ್ಟು ದೂರವಿದ್ದರೂ ಅವರ ಕನ್ನಡ ಅಸಹಜವೆಂದು ಯಾರೂ ಹೇಳುವುದಿಲ್ಲ. ಮಂಗಳೂರಿನಲ್ಲಿ ಕಿವಿಗೆ ಬಿದ್ದ ‘ಎಂತ’, ‘ಉಂಟು’ ಎಂಬ ಮಾತುಗಳು ಸಿಸ್ಟರ್ ಬಾಯಲ್ಲಿ ಆಗಾಗ ಬರುತ್ತಿದ್ದವು. ಅವನ್ನೂ ನಾನು ತಿದ್ದಲಿಲ್ಲ. ಅವು ಕನ್ನಡವೇ.

ಕಲಿಕೆ ನಡೆದ ಬಗೆ

ಮೈಸೂರಿನಲ್ಲಿ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು 10 ತಿಂಗಳು ಇಲ್ಲಿಯೇ ಉಳಿದು ಕನ್ನಡ ಕಲಿಯುತ್ತಾರೆ. ಪಾಳಿಯಲ್ಲಿ ದುಡಿಯುವ ನರ್ಸಿಗೆ ಆ ಭಾಗ್ಯವಿಲ್ಲ. ವಾರಕ್ಕೆ ಎರಡು ಸಂಜೆ, ರಾತ್ರಿ ಪಾಳಿ ಇದ್ದ ವಾರ ಅದೂ ಇಲ್ಲ. ಹಾಗಾಗಿ ಪಾಠದ ಬಹುಭಾಗ ವಾರ್ಡಿನಲ್ಲಿಯೇ, ಕೆಲಸದ ನಡುವೆಯೇ ಆಗಬೇಕಿತ್ತು.

ಮೊದಲ ತಿಂಗಳು ಸಿಸ್ಟರಿಗೆ ಹೊಸ ವಾಕ್ಯ ಕಲಿಸುವುದನ್ನು ನಿಲ್ಲಿಸಿಬಿಟ್ಟೆ. ಅಜ್ಜಿ ಮಾತನಾಡುವಾಗ ಹೂಂಗುಟ್ಟುವುದಷ್ಟೇ ಅಭ್ಯಾಸ. ಅರ್ಥವಾಗದಿದ್ದರೂ ಸರಿ, ಸ್ವರ ಏರಿದ ಕಡೆ ‘ಹೌದಾ’, ಇಳಿದ ಕಡೆ ‘ಹೂಂ’, ನೋವಿನ ಮಾತು ಬಂದ ಕಡೆ ‘ಅಯ್ಯೋ’. ಇದು ಅವರಿಗೆ ಸುಳ್ಳಾಡಿದಂತೆ ಅನಿಸಿತು. ಅರ್ಥವಾಗದೆ ಹೂಂ ಎನ್ನುವುದು ಸರಿಯೇ, ನಾಳೆ ಔಷಧದ ವಿಷಯದಲ್ಲಿ ತೊಂದರೆಯಾದರೆ ಏನು ಗತಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ನಾವು ಕಂಡುಕೊಂಡ ಉತ್ತರವೆಂದರೆ ರೋಗಿಯ ಮಾತು ಮುಗಿದ ಮೇಲೆ ‘ಅಂದ್ರೆ, ರಾತ್ರಿಯಿಂದ ಹಿಂಗಾಗ್ತಿದೆ ಅಂತೀರಾ?’ ಎಂದು ಹಿಡಿದಷ್ಟನ್ನು ತಿರುಗಿ ಕೇಳುವುದು. ತಪ್ಪಾಗಿ ಹಿಡಿದಿದ್ದರೆ ರೋಗಿಯೇ ತಿದ್ದುತ್ತಾರೆ. ಆ ‘ಅಂದ್ರೆ’ ಎಂಬ ಪದ ಯೋಚಿಸಲು ಅರೆಕ್ಷಣವನ್ನೂ ದೊರಕಿಸಿಕೊಡುತ್ತದೆ.

ಮಲಯಾಳಂ ಇಲ್ಲಿ ಅಡ್ಡಿಗಿಂತ ಹೆಚ್ಚಾಗಿ ಆಸರೆಯಾಯಿತು. ಸಿಸ್ಟರ್ ಊರಿನಲ್ಲಿ ತಾಯಿಯೊಂದಿಗೆ ಮಾತನಾಡುವಾಗ ಪ್ರತಿ ಮಾತಿಗೂ ‘ಅಲ್ಲೇ?’ ಎನ್ನುತ್ತಿದ್ದರು, ಯಾರಾದರೂ ಹೇಳಿದ ಸುದ್ದಿಗೆ ‘ಅತ್ರೇ’ ಸೇರಿಸುತ್ತಿದ್ದರು. ಕನ್ನಡದ ‘ಅಲ್ವಾ’, ‘ಅಂತೆ’ ಅವೇ. ಈ ಸಣ್ಣ ಪದಗಳು ಪಠ್ಯಪುಸ್ತಕದ ಪಾಠಗಳಲ್ಲಿ ಅಪರೂಪವಾದ್ದರಿಂದ ಅವರು ಅವನ್ನು ಕನ್ನಡದಲ್ಲಿ ಹುಡುಕಿಯೇ ಇರಲಿಲ್ಲ. ‘ಡಾಕ್ಟ್ರು ಹತ್ತು ಗಂಟೆಗೆ ಬರ್ತಾರಂತೆ’ ಎಂದು ಮೊದಲ ಸಲ ಹೇಳಿದ ದಿನ ಅವರ ಮುಖ ಬೆಳಗಿದ್ದು ನನಗೆ ಇನ್ನೂ ನೆನಪಿದೆ. ಅದಕ್ಕೂ ಮುನ್ನ ಅವರು ‘ಡಾಕ್ಟರ್ ಹತ್ತು ಗಂಟೆಗೆ ಬರುತ್ತಾರೆ ಎಂದು ಹೇಳಿದ್ದಾರೆ’ ಎನ್ನುತ್ತಿದ್ದರು.

ಆಸರೆ ಕೈಕೊಟ್ಟ ಕಡೆಗಳೂ ಇದ್ದವು. ಮಲಯಾಳಂನಲ್ಲಿ ಞಾನ್ ವರುನ್ನು, ಅವನ್ ವರುನ್ನು, ಅವರ್ ವರುನ್ನು, ಎಲ್ಲಕ್ಕೂ ಕ್ರಿಯಾಪದ ಒಂದೇ. ನಿಧಾನವಾಗಿ ಮಾತನಾಡುವಾಗ ಸಿಸ್ಟರ್ ಕನ್ನಡದ ಬರ್ತೀನಿ, ಬರ್ತಾನೆ, ಬರ್ತಾರೆ ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಿದ್ದರು. ವಾರ್ಡಿನಲ್ಲಿ ಏಕಕಾಲಕ್ಕೆ ಮೂರು ಕಡೆಯಿಂದ ಕರೆ ಬಂದಾಗ ಮಾತ್ರ ‘ಡಾಕ್ಟರ್ ಈಗ ಬರುತ್ತದೆ’ ಎಂದುಬಿಡುತ್ತಿದ್ದರು. ಅವರಿಗೆ ನಿಯಮ ಗೊತ್ತಿಲ್ಲದೆ ಹೀಗಾಗುತ್ತಿರಲಿಲ್ಲ, ನಿಯಮವನ್ನು ನೆನೆಯಲು ಸಮಯವಿರಲಿಲ್ಲ. ಆದ್ದರಿಂದ ನಿಯಮದ ಪಾಠ ಮಾಡದೆ ‘ಡಾಕ್ಟ್ರು ಬರ್ತಾರೆ’, ‘ಡಾಕ್ಟ್ರು ಬಂದ್ಮೇಲೆ ಕೇಳಿ ಹೇಳ್ತೀನಿ’, ‘ಡಾಕ್ಟ್ರು ನೋಡಿದ್ರಾ?’ ಎಂಬುವನ್ನು ಒಂದೊಂದೂ ಒಂದೇ ಪದವೆಂಬಂತೆ ನಾಲಗೆಗೆ ಹತ್ತಿಸಿದೆವು. ಇಂಥವು ಮೂವತ್ತು ನಲವತ್ತು ಸೇರಿದವು. ‘ಏನೂ ಆಗಲ್ಲ, ಹೆದರ್ಕೋಬೇಡಿ’, ‘ಇರುವೆ ಕಚ್ಚಿದಂಗೆ ಆಗತ್ತೆ, ಅಷ್ಟೆ’, ‘ಇನ್ನೊಂಚೂರು, ಆಯ್ತು ಆಯ್ತು’, ‘ಒಬ್ರೇ ಎದ್ಬಿಡ್ಬೇಡಿ, ನನ್ನ ಕರೀರಿ’. ಕೊನೆಯದರಲ್ಲಿರುವ ‘ಬಿಡು’ವನ್ನು ಗಮನಿಸಬೇಕು. ‘ಏಳಬೇಡಿ’ ಎಂದರೆ ಆಜ್ಞೆ. ‘ಎದ್ಬಿಡ್ಬೇಡಿ’ ಎಂದರೆ ನೀವು ಮರೆತು ಎದ್ದೀರಿ ಎಂಬ ಆತಂಕ.

ಪಾಠದ ದಿನ ಅಂದಿನ ವಾರ್ಡಿನ ಒಂದು ಸಂಗತಿಯನ್ನು, ರೋಗಿಯ ಗುರುತು ಸಿಗದಂತೆ, ಮೂರು ಸಲ ಹೇಳಿಸುತ್ತಿದ್ದೆ: ಮೊದಲು 4 ನಿಮಿಷದಲ್ಲಿ, ಅದನ್ನೇ 3 ನಿಮಿಷದಲ್ಲಿ, ಮತ್ತೆ 2 ನಿಮಿಷದಲ್ಲಿ. ನ್ಯೂಜಿಲೆಂಡಿನ ಭಾಷಾಬೋಧಕ ಪಾಲ್ ನೇಷನ್ ಅವರ ಬರಹಗಳಿಂದ ಹೆಸರಾದ ಕ್ರಮವಿದು. ಮೊದಲ ಸಲ ಸಿಸ್ಟರ್ ವಾಕ್ಯದ ನಡುವೆಯೇ, ‘ಮಾತ್ರೆ... ಕೊಟ್ಟ... ನಂತರ’ ಎಂದು ಎಲ್ಲೆಂದರಲ್ಲಿ ನಿಲ್ಲುತ್ತಿದ್ದರು. ಮೂರನೆಯ ಸಲಕ್ಕೆ ಅದು ‘ಮಾತ್ರೆ ಕೊಟ್ಮೇಲೆ’ ಎಂದು ಒಂದೇ ಉಸಿರಾಗಿ, ನಿಲುಗಡೆ ಮಾತಿನ ತುಂಡು ಮುಗಿದ ಕಡೆಗೆ ಸರಿಯುತ್ತಿತ್ತು. ನಿಲ್ಲದೆ ಮಾತನಾಡುವವರು ಯಾರೂ ಇಲ್ಲ, ನಾವೆಲ್ಲರೂ ನಿಲ್ಲುತ್ತೇವೆ. ಎಲ್ಲಿ ನಿಲ್ಲುತ್ತೇವೆ ಎಂಬುದರಿಂದಲೇ ಕೇಳುವವರಿಗೆ ಇದು ಮನೆಮಾತೋ ಕಲಿತ ಮಾತೋ ಎಂಬುದು ಹೊಳೆಯುತ್ತದೆ.

ನೋವಿನ ಪದಗಳು

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಇಲ್ಲಿ. ಪುಸ್ತಕ ಸಿಸ್ಟರಿಗೆ ‘ನೋವು’ ಎಂಬ ಒಂದೇ ಪದ ಕೊಟ್ಟಿತ್ತು. ಮೈಸೂರು, ಮಂಡ್ಯ, ಚಾಮರಾಜನಗರದ ಹಳ್ಳಿಗಳಿಂದ ಬರುವವರು ಬರಿಯ ನೋವಿನಿಂದ ನರಳುವುದಿಲ್ಲ. ಅವರಿಗೆ ಸೆಳೆಯುತ್ತದೆ, ಹಿಂಡುತ್ತದೆ, ಚುಳುಕ್ ಎನ್ನುತ್ತದೆ, ಧಗಧಗ ಉರಿಯುತ್ತದೆ, ಜೋಮು ಹಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಎದೆ ಡವಡವ ಎನ್ನುತ್ತದೆ, ಬಾಯಿ ಕೆಟ್ಟಿರುತ್ತದೆ. ವೈದ್ಯರಿಗೆ ಇವು ಒಂದೊಂದೂ ಬೇರೆ ಸುಳಿವು. ಸಿಸ್ಟರ್ ಅಂಗೈಯಗಲದ ಪುಸ್ತಕವೊಂದನ್ನು ಜೇಬಿನಲ್ಲಿಟ್ಟುಕೊಂಡು, ಯಾರು ಹೇಳಿದರೆಂದು ಬರೆಯದೆ, ಕೇಳಿಸಿದ ಪದವನ್ನಷ್ಟೇ ಕೇಳಿಸಿದ ಹಾಗೆಯೇ ಮಲಯಾಳಂ ಲಿಪಿಯಲ್ಲಿ ಗೀಚಿಕೊಂಡು ಬರತೊಡಗಿದರು.

ಒಂದು ಸಂಜೆ ಆ ಪುಸ್ತಕದಲ್ಲಿ ‘ಅಲ್ಲು’ ಎಂದಿತ್ತು. ನಿಘಂಟಿನಲ್ಲಿ ಅಲ್ಲು ಎಂದರೆ ಹೆಣೆಯುವುದು. ಯಾರೋ ‘ಅಲ್ಲು ನೋವು’ ಎಂದಿದ್ದರು. ಈ ಭಾಗದ ಆಡುಮಾತಿನಲ್ಲಿ ಪದದ ಮೊದಲ ಹಕಾರ ಉದುರುತ್ತದೆ, ಹಲ್ಲು ಅಲ್ಲಾಗುತ್ತದೆ, ಹೊಟ್ಟೆ ಒಟ್ಟೆಯಾಗುತ್ತದೆ. ಮಲಯಾಳಂನಲ್ಲಿ ಅದೇ ಪದ ಪಲ್ಲ್. ಹಾಲು ಪಾಲ್, ಹತ್ತು ಪತ್ತ್, ಹೂವು ಪೂವ್. ಹಳಗನ್ನಡದಲ್ಲಿಯೂ ಇವು ಪಾಲ್, ಪತ್ತು, ಪೂ ಎಂದೇ ಇದ್ದವು. ಪಕಾರ ಹಕಾರವಾಗಿ, ಹಕಾರವೂ ಕರಗಿ ಹೋದ ಸಾವಿರ ವರ್ಷಗಳ ದಾರಿಯನ್ನು ಒಂದು ಹಲ್ಲುನೋವಿನ ಮೂಲಕ ನಾವಿಬ್ಬರೂ ನಡೆದು ನೋಡಿದೆವು. ಅಂದಿನಿಂದ ಸ್ವರದಿಂದ ಶುರುವಾಗುವ ಪದ ಅರ್ಥವಾಗದಿದ್ದರೆ ಅದರ ಮುಂದೆ ಪಕಾರ ಹಾಕಿ ನೋಡುವ ಅಭ್ಯಾಸ ಅವರಿಗೆ ಬಂತು.

ಎಲ್ಲ ಪದಗಳೂ ಹೀಗೆ ಒಲಿಯಲಿಲ್ಲ. ಹೆಂಗಸೊಬ್ಬರು “ಯಾಕೋ ಸಂಕ್ಟ ಆಯ್ತದೆ ಕನವ್ವ” ಎಂದಾಗ ಸಿಸ್ಟರ್ ಹಾಸಿಗೆಯ ಅಂಚಿನಲ್ಲಿ ನಿಂತು ಅವರ ಕೈ ಹಿಡಿದು, ಬೇಗ ಮನೆಗೆ ಹೋಗುತ್ತೀರಿ, ದುಃಖ ಪಡಬೇಡಿ ಎಂದು ಸಮಾಧಾನ ಹೇಳಿದ್ದರು. ಮಲಯಾಳಂನಲ್ಲಿ ಸಂಕಟ ಎಂದರೆ ಮನಸ್ಸಿನ ದುಃಖ. ಆ ಹೆಂಗಸಿಗೆ ಆಗುತ್ತಿದ್ದುದು ವಾಂತಿ ಬರುವ ಮುಂಚಿನ ಹೊಟ್ಟೆಯ ಸಂಕಟ. ಓಡಿಬಂದು ಬೇಸಿನ್ ಹಿಡಿದವಳು ಆಯಾ. ಇದನ್ನು ಹೇಳುವಾಗ ಸಿಸ್ಟರ್ ತಲೆ ತಗ್ಗಿಸಿದ್ದರು. ಪದ ಅಷ್ಟು ಪರಿಚಿತವಾಗಿದ್ದುದರಿಂದಲೇ ಅದನ್ನು ವಿಚಾರಿಸಬೇಕೆಂದು ಅವರಿಗೆ ಅನಿಸಿರಲಿಲ್ಲ. ಸೋದರ ಭಾಷೆಗಳ ನಡುವೆ ಕಲಿಯುವವರಿಗೆ ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಎನಿಸುವ ಪದದಿಂದಲೇ ಹೆಚ್ಚು ಅಪಾಯ. ಆ ವಾರ ನಾವು ಇಂಥ ಪದಗಳನ್ನೇ ಹುಡುಕಿ ಕೂತೆವು. ಗಾಯಕ್ಕೆ ಕಟ್ಟುವ ಪಟ್ಟಿ ಮಲಯಾಳಂನಲ್ಲಿ ನಾಯಿ ಎಂಬುದು, ಅದಕ್ಕಾಗಿಯೇ ಅವರು ಆ ಪದವನ್ನು ನಾಲಗೆಗೆ ತರದೆ ಪ್ರತಿ ಸಲ ಬ್ಯಾಂಡೇಜ್ ಎನ್ನುತ್ತಿದ್ದರು ಎಂಬುದು ನನಗೆ ಆಗಲೇ ತಿಳಿದದ್ದು.

ಅತಿಯಾದದ್ದು

ಮೂರನೆಯ ತಿಂಗಳ ಹೊತ್ತಿಗೆ ರೋಗಿಗಳು ಮಾತನಾಡತೊಡಗಿದ್ದರು. ಆ ಉತ್ಸಾಹದಲ್ಲಿ ಸಿಸ್ಟರ್ ಅವರ ಮಾತನ್ನೇ ಹಿಡಿದು ‘ಆಯ್ತದೆ’, ‘ಅಂಗೇಯ’, ‘ಕನಜ್ಜ’ ಎನ್ನಲು ಶುರುಮಾಡಿದರು. ನಾನೂ ತಡೆಯಲಿಲ್ಲ. ತಡೆಯಬೇಕಿತ್ತು. ಮಂಡ್ಯದ ಕಡೆಯ ಹಿರಿಯರೊಬ್ಬರಿಗೆ “ಅಂಗಲ್ಲ ಕನಜ್ಜ” ಎಂದಾಗ ಅವರು ತಿರುಗಿ ನೋಡಿ, “ನಮ್ಮ ಮಾತ್ನ ಆಡ್ಕತೀಯೇನವ್ವ?” ಎಂದು ಕೇಳಿದರಂತೆ. ಸಿಸ್ಟರ್ ಅಂದು ಪಾಠಕ್ಕೆ ಬಂದು ಬಹಳ ಹೊತ್ತು ಮಾತನಾಡಲಿಲ್ಲ.

ಆ ಹಿರಿಯರ ಮಾತಿನಲ್ಲಿ ನೋವಿತ್ತು, ಕಾರಣವೂ ಇತ್ತು. ಹಳ್ಳಿಯ ಕನ್ನಡವನ್ನು ನಗಿಸುವುದಕ್ಕಾಗಿ ಅನುಕರಿಸುವುದನ್ನು ಅವರು ಜೀವನವಿಡೀ ಕಂಡಿದ್ದಾರೆ. ‘ಕಣೋ’, ‘ಕಣೆ’, ‘ಕನ’ ಎಂಬುವು ಬಳಕೆಯ ಸಲಿಗೆಯಿಂದ ಬರುವ ಪದಗಳು. ಸಲಿಗೆ ಇಲ್ಲದ ಕಡೆ ಅವು ಅಣಕವಾಗಿ ಕೇಳಿಸುತ್ತವೆ. ಮೈಸೂರಿನಲ್ಲಿ ನೆಲೆಸಿದ ನರ್ಸ್ ಒಬ್ಬರ ಬಾಯಿಗೆ ಒಪ್ಪುವ ಕನ್ನಡ ಪುಸ್ತಕದ್ದೂ ಆಗಬಾರದು, ರೋಗಿಯದರ ನಕಲೂ ಆಗಬಾರದು. ಅವರಿಗೆ ತಮ್ಮದೇ ಆದ ಒಂದು ನೆಲೆಯ ಮಾತು ಬೇಕಿತ್ತು. ‘ಹಂಗಲ್ಲ ಯಜಮಾನ್ರೆ’, ‘ಹಾಗಲ್ಲಮ್ಮ’, ‘ಆಗತ್ತೆ’. ರೋಗಿಯ ಮಾತನ್ನು ಪೂರ್ತಿ ಅರ್ಥಮಾಡಿಕೊಳ್ಳುವುದು, ಉತ್ತರವನ್ನು ತಮ್ಮ ಮಾತಿನಲ್ಲಿಯೇ ಕೊಡುವುದು ಎಂದು ನಾವು ಗೆರೆ ಎಳೆದುಕೊಂಡೆವು. ಮರುದಿನ ಸಿಸ್ಟರ್ ಆ ಹಿರಿಯರ ಬಳಿ ಹೋಗಿ, “ನಂಗೆ ಕನ್ನಡ ಹೊಸದು, ನೀವು ಹೇಳೋದನ್ನ ಕೇಳಿ ಕಲೀತಿದೀನಿ, ಬೇಜಾರು ಮಾಡ್ಕೋಬೇಡಿ” ಎಂದರು. ಅವರು ಡಿಸ್‌ಚಾರ್ಜ್ ಆಗುವವರೆಗೂ ದಿನಕ್ಕೊಂದು ಪದ ಹೇಳಿಕೊಟ್ಟರು. ‘ಮಗ್ಗುಲು’ ಎಂಬ ಪದ ಅವರು ಕೊಟ್ಟದ್ದು. ‘ಈ ಕಡೆಗೆ ತಿರುಗಿ’ ಎನ್ನುತ್ತಿದ್ದ ಸಿಸ್ಟರ್ ಈಗ ‘ಒಂಚೂರು ಮಗ್ಗುಲಾಗಿ’ ಎನ್ನುತ್ತಾರೆ.

ಕನ್ನಡಿಗರಾದ ನಮ್ಮ ಬಗ್ಗೆಯೂ ಇಲ್ಲೊಂದು ಮಾತು ಹೇಳಲೇಬೇಕು. ಸಿಸ್ಟರ್ ತಡವರಿಸಿದ ಕೂಡಲೇ ಜೊತೆಯ ಸಿಬ್ಬಂದಿ ಇಂಗ್ಲಿಷಿಗೆ ಹೊರಳುತ್ತಿದ್ದರು, ಕೆಲವರು ಹರಕು ಮಲಯಾಳಂಗೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಕಲಿಯುವವರು ತಡವರಿಸುವ ಆ ಗಳಿಗೆಯಲ್ಲಿಯೇ ಭಾಷೆ ಅವರದಾಗುತ್ತಿರುತ್ತದೆ, ಆ ಗಳಿಗೆಯನ್ನು ನಾವು ಅವರಿಂದ ಕಿತ್ತುಕೊಳ್ಳುತ್ತೇವೆ. ಕೊನೆಗೆ ಸಿಸ್ಟರೇ ಸಹೋದ್ಯೋಗಿಗಳನ್ನು ಕೇಳಿಕೊಂಡರು: “ಕನ್ನಡದಲ್ಲೇ ಹೇಳಿ, ಗೊತ್ತಾಗ್ಲಿಲ್ಲ ಅಂದ್ರೆ ಕೇಳ್ತೀನಿ.” ಈ ವಾಕ್ಯವನ್ನು ನಾವು ಎಲ್ಲಕ್ಕಿಂತ ಮೊದಲು ಅಭ್ಯಾಸ ಮಾಡಬೇಕಿತ್ತು ಎಂದು ಈಗ ಅನಿಸುತ್ತದೆ.

ಈಗಿನ ಸ್ಥಿತಿ

ಆರು ತಿಂಗಳಾಗಿದೆ. ರೋಗಿಗಳು ಸಿಸ್ಟರನ್ನೇ ಕರೆದು ಹೇಳಿಕೊಳ್ಳುತ್ತಾರೆ. ಆಯಾ ಈಗ ದೂರು ತರುವುದು ಕಡಿಮೆ, ಇಬ್ಬರೂ ಒಟ್ಟಿಗೆ ಕಾಫಿ ಕುಡಿಯುವುದು ಹೆಚ್ಚು. ಧಾಟಿ ಮೊದಲಿನಂತೆಯೇ ಇದೆ. ಅವಸರದಲ್ಲಿ ‘ಬರುತ್ತದೆ’ ಈಗಲೂ ಒಮ್ಮೊಮ್ಮೆ ಜಾರುತ್ತದೆ, ಓಕಾರ ಹೋಗಿದೆ. ನಮ್ಮ ಪಕ್ಕದ ಮನೆಯ ಅಜ್ಜಿ ಪಾಠವಿಲ್ಲದ ದಿನವೂ “ಆ ಮಗಾ ಬರ್ನಿಲ್ವಾ?” ಎಂದು ವಿಚಾರಿಸುತ್ತಾರೆ.

ಬಗೆಹರಿಯದೆ ಉಳಿದಿರುವುದು ಫೋನು. ರೋಗಿಯ ಮನೆಯವರು ಊರಿನಿಂದ ಕರೆ ಮಾಡಿದಾಗ ಮುಖ ಕಾಣುವುದಿಲ್ಲ, ಕೈ ತೋರಿಸುವ ಜಾಗ ಕಾಣುವುದಿಲ್ಲ, ಹಿಂದೆ ಬಸ್ಸಿನ ಸದ್ದು. ಸಿಸ್ಟರ್ ಮತ್ತೆ ಹಳೆಯ ಮೌನಕ್ಕೆ ಹೋಗುತ್ತಾರೆ, ಅತ್ತಲಿನವರು ‘ಹಲೋ, ಹಲೋ, ಕೇಳುಸ್ತದಾ?’ ಎಂದು ಕೂಗುತ್ತಾರೆ. ಹಾಗಾಗಿ ಕಳೆದ ವಾರದಿಂದ ನಮ್ಮ ಹಾಲಿನಲ್ಲಿ ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಹಾಕಿ, ಟಿ.ವಿ. ಜೋರಾಗಿ ಇಟ್ಟು, ಒಂದರಲ್ಲಿ ಅಜ್ಜಿ, ಇನ್ನೊಂದರಲ್ಲಿ ಸಿಸ್ಟರ್ ಕುಳಿತು ಮಾತನಾಡುತ್ತಿದ್ದಾರೆ. ಅಜ್ಜಿ ಮಂಡಿನೋವಿನ ಕಥೆಯನ್ನು ಮೊದಲಿನಿಂದ ಶುರುಮಾಡಿದ್ದಾರೆ, ಸಿಸ್ಟರ್ ಕಣ್ಣು ಮುಚ್ಚಿಕೊಂಡು, ಸ್ವಲ್ಪ ಜೋರಾಗಿಯೇ ಹೂಂಗುಟ್ಟುತ್ತಿದ್ದಾರೆ.